ನಮ್ಮ ಕೋವಿಗಳನ್ನು ಗುಜರಿ ಸಾಮಾನಿನ ಹಾಗೆ ರಾಶಿ ಹಾಕಬೇಡಿ

ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಮತ್ತು ಗೃಹ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಕೊಡಗಿನ ಒಬ್ಬ ನಿವೃತ್ತ ಸುಬೇದಾರ್. 28 ವರ್ಷ ಸೇನೆಯಲ್ಲಿದ್ದೆ. ಈಗ ಊರಲ್ಲಿ ಒಂದಿಷ್ಟು ಕಾಫಿ, ಕರಿಮೆಣಸು, ಸ್ವಲ್ಪ ಗದ್ದೆ ನೋಡಿಕೊಂಡಿದ್ದೇನೆ. ನಮ್ಮ ಊರಿನ ಸುತ್ತಮುತ್ತ ನನ್ನ ಹಾಗೆಯೇ ಸೇನೆಯಿಂದ ಬಂದವರು 14 ಜನ ಇದ್ದೆವು. ತಿಂಗಳಿಗೊಮ್ಮೆ ಸೇರುತ್ತೇವೆ. ಪಿಂಚಣಿಯ ಕಾಗದಪತ್ರ, ಕ್ಯಾಂಟೀನ್ ಕಾರ್ಡು, ಯಾರಿಗೆ ಹುಷಾರಿಲ್ಲ, ಯಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಇಷ್ಟೇ ನಮ್ಮ ಮಾತುಕತೆ. ಆದರೆ ಕಳೆದ ಲೋಕಸಭಾ ಚುನಾವಣೆಯಿಂದೀಚೆ ನಾವು ಸೇರಿದಾಗಲೆಲ್ಲ ಇನ್ನೊಂದು ವಿಷಯ ಬರುತ್ತದೆ. ಅದು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ನಮ್ಮ ಕೋವಿಗಳ ವಿಷಯ. ಅವರೆಲ್ಲರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

2024ರ ಮಾರ್ಚ್ 16ರಂದು ಚುನಾವಣೆ ಘೋಷಣೆ ಆಯಿತು. ಅದಾಗಿ ಮೂರನೇ ದಿನಕ್ಕೆ ನಮ್ಮ ಕಡೆಯ ಒಂದು ಠಾಣೆಯಿಂದ ಫೋನ್ ಬಂತು. "ಸಾರ್, ಕೋವಿ ತಂದು ಡಿಪಾಸಿಟ್ ಮಾಡಿ." ಲಿಖಿತ ನೋಟಿಸ್ ಇದೆಯಾ ಅಂತ ಕೇಳಿದೆ. "ಎಲ್ಲರೂ ಕೊಡ್ತಾ ಇದ್ದಾರೆ ಸಾರ್, ನೀವೂ ಕೊಡಿ" ಅಂದರು. ಸೇನೆಯಲ್ಲಿದ್ದವರಿಗೆ ಆದೇಶ ಪಾಲಿಸುವುದು ರಕ್ತದಲ್ಲೇ ಇರುತ್ತದೆ. ನಾವು ಜಾಸ್ತಿ ಮಾತಾಡಲಿಲ್ಲ. ಒಂದು ಜೀಪು ಬಾಡಿಗೆಗೆ ಹಿಡಿದು ಎಲ್ಲರ ಕೋವಿಗಳನ್ನೂ ತೆಗೆದುಕೊಂಡು ಹೋದೆವು. ನಮ್ಮಲ್ಲಿ ಹಿರಿಯರಿಗೆ ಆಗ 82 ವರ್ಷ. 1965ರ ಯುದ್ಧ ನೋಡಿದವರು. ಕೋವಿಯ ಜೊತೆ ಮಾಲೀಕರೇ ಬರಬೇಕು ಅಂದಿದ್ದರಿಂದ ಅವರೂ ಬಂದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ದಾರಿಯುದ್ದಕ್ಕೂ ಸುಮ್ಮನೆ ಕೂತಿದ್ದರು.

ಠಾಣೆಯಲ್ಲಿದ್ದ ಪೇದೆ ಒಳ್ಳೆಯ ಹುಡುಗ. ಹಿರಿಯರಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಅವನ ಮುಂದೆ ಆಗಲೇ ನೂರಾರು ಕೋವಿಗಳ ಪಟ್ಟಿ ಇತ್ತು, ಜೊತೆಗೆ ಚುನಾವಣೆಯ ಡ್ಯೂಟಿ ಬೇರೆ. ಆದರೆ ಅವನು ಕೊಟ್ಟ ರಸೀತಿಯಲ್ಲಿ ನನ್ನ ಹೆಸರು, ಕೋವಿಯ ನಂಬರ್, "ಡಿಬಿಬಿಎಲ್ 1" (ಅಂದರೆ ಜೋಡು ನಳಿಗೆಯ ಕೋವಿ ಒಂದು) ಅಂತ ಇತ್ತು, ಅಷ್ಟೇ. ಕೋವಿ ಯಾವ ಸ್ಥಿತಿಯಲ್ಲಿದೆ, ಏನಾದರೂ ಒಡೆದಿದೆಯಾ, ತುಕ್ಕು ಹಿಡಿದಿದೆಯಾ, ಒಂದೂ ಇಲ್ಲ. ನಮ್ಮಲ್ಲಿ ಒಬ್ಬರ ಮನೆಯ ಹಳೇ ಕಾಲದ ಕೇಪಿನ ಕೋವಿಗೆ ಕುದುರೆಯೇ, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆಯಂಥ ಭಾಗವೇ, ಇಲ್ಲ. ಅವರ ಮುತ್ತಜ್ಜನ ಕಾಲದಲ್ಲೇ ಮುರಿದುಹೋಗಿದೆ. ನಳಿಗೆಯೂ ತೂತಾಗಿದೆ. ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರುವುದಿಲ್ಲ. ಇಂಥ ಹಳೆಯ, ಕೆಲಸಕ್ಕೆ ಬಾರದ ಆಯುಧಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ ಅಂತ 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮಿನಲ್ಲೇ ಇದೆ. ಅದನ್ನೂ ತೆಗೆದುಕೊಂಡರು.

ಕೋವಿಗಳನ್ನು ಇಡುತ್ತಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಇಣುಕಿ ನೋಡಿದೆ. ಗೋಡೆಯ ಮೂಲೆಯಲ್ಲಿ ಸೌದೆ ಜೋಡಿಸಿದ ಹಾಗೆ ಒಂದರ ಮೇಲೊಂದು ಒರಗಿಸಿದ್ದರು. ಪ್ರತಿಯೊಂದಕ್ಕೂ ಸೆಣಬಿನ ದಾರದಲ್ಲಿ ಒಂದು ರಟ್ಟಿನ ಚೀಟಿ. ಪಕ್ಕದಲ್ಲಿ ಯಾವುದೋ ಕೇಸಿನಲ್ಲಿ ಹಿಡಿದ ಬೈಕಿನ ಚಕ್ರಗಳು, ಸಾರಾಯಿ ಕ್ಯಾನುಗಳು. ಗೋಡೆಯ ಕೆಳಗಡೆ ಹೋದ ಮಳೆಗಾಲದ ಪಾಚಿ ಒಣಗಿ ಕಪ್ಪಾಗಿ ನಿಂತಿತ್ತು.

ಮಾನ್ಯರೇ, ಸೇನೆಯಲ್ಲಿ ಆಯುಧ ಇಡುವ ಜಾಗಕ್ಕೆ ಕೋತ್ ಅನ್ನುತ್ತೇವೆ. ನಾನು ಎರಡು ವರ್ಷ ಕೋತ್ ಜವಾಬ್ದಾರಿ ನೋಡಿಕೊಂಡವನು. ಅಲ್ಲಿ ಪ್ರತಿ ರೈಫಲ್‌ಗೂ ಅದರದ್ದೇ ನಂಬರು, ರ‍್ಯಾಕಿನಲ್ಲಿ ಅದರದ್ದೇ ಜಾಗ. ಬೆಳಿಗ್ಗೆ ಎಣಿಕೆ, ಸಂಜೆ ಎಣಿಕೆ. ಪುಲ್‌ಥ್ರೂ ದಾರಕ್ಕೆ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆದರೆ ಚಿಂದಿ ಬೆಳ್ಳಗೆ ಹೊರಗೆ ಬರಬೇಕು. ಕೊಳೆ ಕಂಡರೆ ಅವತ್ತು ಆ ಜವಾನನ ಊಟ ತಡ. ಇಂಥ ಕಡೆ ಜೀವನ ಕಳೆದವನಿಗೆ ಆ ಕೋಣೆ ನೋಡಿ ಹೇಗಾಗಿರಬೇಡ, ನೀವೇ ಯೋಚಿಸಿ.

ನಾನು ಅವತ್ತು ಕೊಟ್ಟು ಬಂದದ್ದು ನನ್ನ ಅಜ್ಜನ ಕೋವಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆ ಹೋಗಿದ್ದವರು 1946ರಲ್ಲಿ ಮನೆಗೆ ಬಂದರು. ಕೂಡಿಟ್ಟ ಸಂಬಳದಲ್ಲಿ ಅಜ್ಜಿಗೆ ಒಂದು ಜೊತೆ ಬಳೆ, ಮನೆಗೊಂದು ಜೋಡು ನಳಿಗೆಯ ತೋಟೆ ಕೋವಿ ತಂದರು. ಅದರ ಬಟ್ಟಿನ (ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗದ) ಒಳಬದಿಗೆ ಪೀಚೆಕತ್ತಿಯ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಕಠಾರಿಯ, ತುದಿಯಿಂದ ತಮ್ಮ ಹೆಸರಿನ ಮೊದಲ ಅಕ್ಷರ ಮತ್ತು ಆ ವರ್ಷ ಕೆತ್ತಿದ್ದರು. ಅಕ್ಷರ ಸ್ವಲ್ಪ ಸೊಟ್ಟ. ಚಿಕ್ಕವನಿದ್ದಾಗ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವ ಕೆಲಸ ನನ್ನದು. ಆ ಸೊಟ್ಟ ಅಕ್ಷರದ ಸಂದಿಯಲ್ಲಿ ಕೂತ ಧೂಳನ್ನು ಕೋಳಿ ಪುಕ್ಕದಿಂದ ತೆಗೆಯುತ್ತಿದ್ದೆ.

ನಮ್ಮ ಕಡೆಯವರಲ್ಲದವರಿಗಾಗಿ ಒಂದು ಮಾತು. ಕೈಲ್‌ಪೊಳ್ದ್ ಅಂದರೆ ಆಯುಧದ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಹೊತ್ತಿಗೆ ಬರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ತೊಳೆದು ಒರೆಸಿ ಕನ್ನಿಕೊಂಬರೆಯಲ್ಲಿ, ಅಂದರೆ ಹಿರಿಯರಿಗೆ ಎಡೆ ಇಡುವ ಕೋಣೆಯಲ್ಲಿ, ಇಟ್ಟು ಪೂಜೆ ಮಾಡುತ್ತೇವೆ. ಕೋವಿಯ ತುದಿಗೆ ತೋಕ್‌ಪೂ ಸಿಕ್ಕಿಸುತ್ತೇವೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ಕೋವಿಯ ಹೆಸರನ್ನೇ ಒಂದು ಹೂವಿಗೆ ಇಟ್ಟ ಜನ ನಾವು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು. ತೋಟದ ನಡುವೆ ಒಂದೊಂದೇ ಮನೆ ಇರುವ ಊರು ನಮ್ಮದು. ಎರಡು ಗುಂಡಿನ ಸದ್ದು ಕೇಳಿದರೆ ಕೆಲಸ ಬಿಟ್ಟು ಜನ ಹೊರಡುತ್ತಾರೆ. ಯಾರ ಮನೆ ಅಂತ ದಾರಿಯಲ್ಲಿ ಕೇಳಿಕೊಳ್ಳುತ್ತಾರೆ.

ಮೇ ತಿಂಗಳ ನಡುವೆ ನಮ್ಮ 14 ಜನರಲ್ಲಿ ಒಬ್ಬರು ತೀರಿಕೊಂಡರು. 76 ವರ್ಷ. 1971ರಲ್ಲಿ ಪೂರ್ವದ ಗಡಿಯಲ್ಲಿ ಇದ್ದವರು. ನಾನು ದೊಡ್ಡಪ್ಪ ಅಂತ ಕರೆಯುತ್ತಿದ್ದೆ. ಏಪ್ರಿಲ್ 26ಕ್ಕೇ ನಮ್ಮಲ್ಲಿ ಮತದಾನ ಮುಗಿದಿತ್ತು. ಆದರೆ ಎಣಿಕೆ ಜೂನ್ 4ಕ್ಕೆ. ಊರಿನ ಕೋವಿಗಳೆಲ್ಲ ಠಾಣೆಯಲ್ಲೇ. ಅವರ ಮಗ ಬೈಕಿನಲ್ಲಿ ಠಾಣೆಗೆ ಹೋಗಿ, ನಮ್ಮ ಕೋವಿಯನ್ನು ಒಂದು ಗಂಟೆ ಕೊಡಿ, ಬೇಕಾದರೆ ಒಬ್ಬ ಪೊಲೀಸರನ್ನೇ ಜೊತೆಗೆ ಕಳಿಸಿ ಅಂತ ಕೇಳಿಕೊಂಡ. ಆಗುವುದಿಲ್ಲ ಅಂದರು. ಮೇಲಿನಿಂದ ಅನುಮತಿ ಬೇಕು ಅಂದರು. ಹುಡುಗ ಬರಿಗೈಯಲ್ಲಿ ಬಂದ.

ಕೊನೆಗೆ ಯಾರೋ ಅಂಗಡಿಯಿಂದ ಎರಡು ಪಟಾಕಿ ತಂದು ಅಂಗಳದ ಅಂಚಿನಲ್ಲಿ ಹಚ್ಚಿದರು. ನಾಯಿಗಳು ಬೊಗಳಿದವು. ದೊಡ್ಡಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಹೊಳೆಯಾಚೆ ಇರುವ ಅವರ ಸೋದರಳಿಯ ಆ ಸದ್ದು ಕೇಳಿ ಯಾರದ್ದೋ ಗೆಲುವಿನ ಪಟಾಕಿ ಅಂದುಕೊಂಡನಂತೆ. ಫೋನ್ ನೆಟ್‌ವರ್ಕ್ ಸಿಕ್ಕ ಮೇಲೆ ಗೊತ್ತಾಗಿ ಬಂದಾಗ ಎಲ್ಲ ಮುಗಿದಿತ್ತು. ದೇಶಕ್ಕಾಗಿ ಬಂದೂಕು ಹಿಡಿದವರಿಗೆ ಅವರ ಅಂಗಳದಲ್ಲಿ ಎರಡು ಗುಂಡು ಹಾರಿಸಲು ಆಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಕೋವಿಗಳು ವಾಪಸ್ ಬಂದದ್ದು ಜೂನ್ ಕೊನೆಯ ವಾರ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮನೆಗೆ ತಂದು ಜಗಲಿಯಲ್ಲಿ ಕೂತು ಚಿಂದಿ ಎಳೆದೆ. ಇಟ್ಟಿಗೆ ಪುಡಿಯ ಬಣ್ಣದಲ್ಲಿ ಹೊರಗೆ ಬಂತು. ಇನ್ನೊಂದು ಎಳೆದೆ, ಅದೂ ಹಾಗೇ. ಏಳನೇ ಚಿಂದಿಗೆ ಸ್ವಲ್ಪ ತಿಳಿಯಾಯಿತು, ಆದರೆ ಎಡ ನಳಿಗೆಯ ಒಳಗೆ ತುಕ್ಕು ಕಚ್ಚಿ ಗುಳಿ ಬಿದ್ದಿತ್ತು. ಕೈ ಹಿಡಿಯುವ ಕಡೆ ಮರ ಉದ್ದಕ್ಕೆ ಸೀಳಿತ್ತು. ಬಟ್ಟು ತಿರುಗಿಸಿ ನೋಡಿದೆ. ಅಜ್ಜನ ಅಕ್ಷರದ ಮೇಲೆಯೇ ಬಿಳಿ ಪೇಂಟಿನಲ್ಲಿ ದಪ್ಪಗೆ 47 ಅಂತ ಬರೆದಿದ್ದರು. ರಟ್ಟಿನ ಚೀಟಿ ಉದುರಿಹೋಗುತ್ತದೆ ಅಂತ ಹಾಗೆ ಮಾಡಿದ್ದಂತೆ. ಪೇಂಟು ತೆಗೆಯಬೇಕಾದರೆ ಉಜ್ಜಬೇಕು. ಉಜ್ಜಿದರೆ ಅಕ್ಷರವೂ ಹೋಗುತ್ತದೆ. ಹಾಗೇ ಬಿಟ್ಟಿದ್ದೇನೆ. ಆ ವರ್ಷದ ಕೈಲ್‌ಪೊಳ್ದ್‌ನಲ್ಲಿ ತೋಕ್‌ಪೂ ಸಿಕ್ಕಿಸಿ ಇಟ್ಟಾಗ ದೀಪದ ಬೆಳಕಿಗೆ ಮೊದಲು ಕಂಡದ್ದು ಆ 47.

ನನ್ನೊಬ್ಬನದ್ದೇ ಅಲ್ಲ. ಒಬ್ಬರ ಕೋವಿಯ ಗುರಿ ನೋಡುವ ಮಣಿ ಕಿತ್ತುಹೋಗಿತ್ತು. ಇನ್ನೊಬ್ಬರ ಮನೆಗೆ ಬೇರೆಯವರ ಕೋವಿ ಹೋಗಿ, ಅದನ್ನು ಸರಿಪಡಿಸಿಕೊಳ್ಳಲು ಮೂರು ಸಲ ಅಲೆದರು. ಪರಿಹಾರ ಕೇಳೋಣ ಅಂದರೆ ಕೊಡುವಾಗ ಚೆನ್ನಾಗಿತ್ತು ಅನ್ನುವುದಕ್ಕೆ ದಾಖಲೆ ಎಲ್ಲಿದೆ? ರಸೀತಿಯಲ್ಲಿ ಅದನ್ನು ಬರೆದೇ ಇಲ್ಲ.

ಇನ್ನು ಕಾನೂನಿನ ಮಾತು. ನಾನು ವಕೀಲನಲ್ಲ. ಆದರೆ ಓದಿ ತಿಳಿದುಕೊಂಡಿದ್ದೇನೆ.

1857ರ ದಂಗೆಯ ನಂತರ ಬ್ರಿಟಿಷರು ಜನರಿಂದ ಆಯುಧ ಕಸಿದುಕೊಳ್ಳುವ ಕಾಯಿದೆ ತಂದರು. ಆಗ ಮೈಸೂರು, ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಅವರದ್ದೇ ಹೆಸರು, 1861ರ ಫೆಬ್ರುವರಿಯಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಬ್ರಿಟಿಷ್ ಸರ್ಕಾರಕ್ಕೆ ತೋರಿಸಿದ ನಿಷ್ಠೆಗೆ ಸಿಕ್ಕ ವಿನಾಯಿತಿ ಅದು. ಅದನ್ನು ಓದುವಾಗ ನನಗೆ ಪೂರ್ತಿ ಹೆಮ್ಮೆ ಆಗುವುದಿಲ್ಲ, ಇದನ್ನು ಮುಚ್ಚಿಡುವುದೂ ಇಲ್ಲ. ಆದರೆ ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಸರ್ಕಾರ ಆ ವಿನಾಯಿತಿಯನ್ನು ಮುಂದುವರಿಸಿತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಈ ವಿನಾಯಿತಿ ಕೊಡವರಿಗೂ, ಜಮ್ಮಾ ಭೂಮಿ (ಹಿಂದೆ ಸೈನ್ಯದ ಸೇವೆಗಾಗಿ ಕೊಟ್ಟು ವಂಶಪಾರಂಪರ್ಯವಾಗಿ ಬಂದ ಭೂಮಿ) ಹೊಂದಿದವರಿಗೂ ಇದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿದೆ. ಇದನ್ನು ಪ್ರಶ್ನಿಸಿ ಹಾಕಿದ್ದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿದಿದೆ. ಒಂದು ಕೈಯಲ್ಲಿ ವಿನಾಯಿತಿ ಪತ್ರ ಕೊಟ್ಟು, ಪ್ರತಿ ಚುನಾವಣೆಗೂ ಇನ್ನೊಂದು ಕೈಯಲ್ಲಿ ಕೋವಿ ತೆಗೆದುಕೊಳ್ಳುವುದು ಹೇಗೆ ಸರಿ?

ಅದಕ್ಕಿಂತ ಮುಖ್ಯ ವಿಷಯ, ಚುನಾವಣಾ ಆಯೋಗದ್ದೇ ನಿಯಮ. ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ 2009ರಲ್ಲಿ ಆಯೋಗವೇ ಜಿಲ್ಲೆಗಳಿಗೆ ಸೂಚನೆ ಕೊಟ್ಟಿದೆ. ಜಿಲ್ಲಾ ಮಟ್ಟದಲ್ಲಿ ಒಂದು ಪರಿಶೀಲನಾ ಸಮಿತಿ ಇರಬೇಕು. ಯಾರ ಕೋವಿ ತೆಗೆದುಕೊಳ್ಳಬೇಕು ಅಂತ ಅದು ಒಬ್ಬೊಬ್ಬರದ್ದೇ ನೋಡಿ ತೀರ್ಮಾನಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಚುನಾವಣೆ ಹೊತ್ತಿನಲ್ಲಿ ಗಲಾಟೆ ಮಾಡಿದವರು, ಇಂಥವರನ್ನು ಮುಖ್ಯವಾಗಿ ನೋಡಬೇಕು. ಆಯುಧ ಇಟ್ಟುಕೊಳ್ಳುವುದು ಹಿಂದಿನಿಂದ ಬಂದ ಕಾನೂನು, ಪದ್ಧತಿ ಆಗಿರುವ ಸಮುದಾಯಗಳಿಗೆ ನಿಷೇಧ ಬೇಡ ಅಂತಲೂ ಅದರಲ್ಲಿದೆ. ಅಂಥವರಲ್ಲೂ ಯಾರಾದರೂ ಹಿಂಸೆಗೆ ಇಳಿದರೆ ಅವರ ಆಯುಧ ಹಿಡಿಯಬಹುದು. ಇಷ್ಟು ನ್ಯಾಯವಾದ ನಿಯಮ ಕಾಗದದ ಮೇಲೆ ಇದೆ. ನಮ್ಮ ಊರಿಗೆ ಬರುವಷ್ಟರಲ್ಲಿ ಅದು "ಎಲ್ಲರೂ ಕೊಡ್ತಾ ಇದ್ದಾರೆ, ನೀವೂ ಕೊಡಿ" ಅಂತ ಆಗಿಬಿಡುತ್ತದೆ. ನಮ್ಮ 14 ಜನರಲ್ಲಿ ಒಬ್ಬರ ಮೇಲೂ ಒಂದು ಕೇಸಿಲ್ಲ. ಯಾವ ಸಮಿತಿ ನಮ್ಮ ಹೆಸರು ನೋಡಿ, ಇವರಿಂದ ಅಪಾಯ ಇದೆ ಅಂತ ತೀರ್ಮಾನಿಸಿತು?

ಕೋವಿ ತಪ್ಪು ಕೈಗೆ ಹೋದದ್ದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಸ್ತಿ ಜಗಳದಲ್ಲಿ, ಕುಡಿದ ಅಮಲಿನಲ್ಲಿ ಗುಂಡು ಹಾರಿದ ಸುದ್ದಿಗಳನ್ನು ನಮ್ಮ ಜಿಲ್ಲೆಯಲ್ಲಿ ನಾವೂ ಓದುತ್ತೇವೆ. ಕಾಡುಪ್ರಾಣಿಗಳ ಬೇಟೆಗೆ ಬಳಸುವವರೂ ಇದ್ದಾರೆ. ಅಂಥವರ ಕೋವಿ ಚುನಾವಣೆಗೆ ಮಾತ್ರ ಯಾಕೆ, ವರ್ಷವಿಡೀ ಕಿತ್ತುಕೊಳ್ಳಿ. ವಿನಾಯಿತಿ ಪತ್ರ ರದ್ದು ಮಾಡಿ. ನಾವೇ ನಿಮ್ಮ ಜೊತೆ ನಿಲ್ಲುತ್ತೇವೆ.

ಇದು ಕೊಡಗಿನವರ ಹಠ ಮಾತ್ರ ಅಂತಲೂ ತಿಳಿಯಬೇಡಿ. ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಕನ್ನಡದ ಕಡೆ ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡ ಕೃಷಿಕರದ್ದೂ ಇದೇ ಗೋಳು. ಹಲಸು ಹಣ್ಣಾಗುವ ಹೊತ್ತಿಗೆ ಆನೆ ತೋಟಕ್ಕೆ ಬರುತ್ತದೆ. ರಾತ್ರಿ ಅಂಗಳದಲ್ಲಿ ಬಾಳೆ ಮುರಿಯುವ ಸದ್ದು ಕೇಳಿಸಿದರೆ ಗಾಳಿಗೆ ಒಂದು ಗುಂಡು ಹಾರಿಸಿ ಓಡಿಸುವುದೇ ಇದ್ದ ಒಂದು ಧೈರ್ಯ. 2024ರಲ್ಲಿ ಹಲಸಿನ ಕಾಲ ಪೂರ್ತಿ ನಾವು ತಗಡು ಬಡಿದೆವು.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿ ಅಂತ ಇದ್ದದ್ದನ್ನು ಎರಡಕ್ಕೆ ಇಳಿಸಿದರು. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು ಅಂದರು. ಹಿರಿಯರಿಂದ ಬಂದ ಕೋವಿಗೂ ಇದೇ ಲೆಕ್ಕ. ಮಲೆನಾಡಿನಲ್ಲಿರುವ ನನ್ನ ಜೊತೆಯ ಒಬ್ಬ ಹವಾಲ್ದಾರ್ ತನ್ನ ತಂದೆಯ ಕೋವಿಯನ್ನು ಹೀಗೆ ಒಪ್ಪಿಸಿದ. ಕಾನೂನು ಬಂದಿದೆ, ಪಾಲಿಸಿದ. ಆದರೆ ಅದು ಈಗ ಎಲ್ಲಿದೆ, ಕರಗಿಸಿದರಾ, ಹಾಗೇ ಇದೆಯಾ ಅಂತ ಅವನಿಗೆ ಹೇಳುವವರಿಲ್ಲ. ಹೀಗೆ ಒಪ್ಪಿಸಿದ ಕೋವಿಗಳಲ್ಲಿ ಹಳೆಯವನ್ನು ಬೇರೆ ಮಾಡಿ, ಗುಂಡು ಹಾರದ ಹಾಗೆ ಮಾಡಿಯಾದರೂ ಸರಿ, ಮನೆಯವರಿಗೋ ಮ್ಯೂಸಿಯಂಗೋ ಕೊಡಬಾರದಾ? ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. ಅಲ್ಲಿಗೆ ಬರುವ ಶಾಲೆ ಮಕ್ಕಳು ಹಳೆಯ ಆಯುಧಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಒಮ್ಮೆ ಹೋಗಿ ನೋಡಿ.

ನಾವು ಕೇಳುವುದು ದೊಡ್ಡದೇನಲ್ಲ. ಆಯೋಗದ ಸೂಚನೆಯನ್ನು ಜಿಲ್ಲೆಯಲ್ಲಿ ಅಕ್ಷರಶಃ ಪಾಲಿಸಿ. ಸಮಿತಿ ಕೂತು, ಹೆಸರು ಹಿಡಿದು, ಕಾರಣ ಬರೆದು ನೋಟಿಸ್ ಕೊಡಲಿ. ನೋಟಿಸ್ ಬಂದರೆ ನಾವು ಕೋವಿ ತಂದು ಒಪ್ಪಿಸುತ್ತೇವೆ. ಫೋನಿನಲ್ಲಿ ಕರೆಯುವುದು ಬೇಡ. ಕೋವಿ ತೆಗೆದುಕೊಳ್ಳುವಾಗ ಎರಡೂ ಬದಿಯ ಫೋಟೊ ತೆಗೆದು, ಸ್ಥಿತಿ ಬರೆದು, ಇಬ್ಬರೂ ಸಹಿ ಹಾಕಿದ ರಸೀತಿ ಕೊಡಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇದಕ್ಕೆ ಎರಡು ನಿಮಿಷ ಸಾಕು. ಮರದ ಮೇಲೆ ಪೇಂಟು ಹಚ್ಚಬೇಡಿ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಒಂದು ದಿನವೂ ಇಟ್ಟುಕೊಳ್ಳಬೇಡಿ. 75 ದಾಟಿದವರನ್ನು ಠಾಣೆಗೆ ಅಲೆಸಬೇಡಿ. ಬೀಟ್ ಪೊಲೀಸರು ಮನೆಗೇ ಬಂದು ತೆಗೆದುಕೊಳ್ಳಲಿ, ಮನೆಗೇ ತಂದು ಕೊಡಲಿ. ಹಾಳಾದರೆ ರಿಪೇರಿ ಖರ್ಚು ಯಾರು ಕೊಡುತ್ತಾರೆ ಅಂತ ಆದೇಶದಲ್ಲೇ ಬರೆಯಿರಿ.

ಮತ್ತೆ ಸಾವಿನ ಮನೆಯ ಆ ಎರಡು ಗುಂಡು. ಇದನ್ನು ಬೇರೆಯಾಗಿಯೇ ಕೇಳುತ್ತಿದ್ದೇನೆ. ಊರಿಗೆ ಒಂದು ಕೋವಿಯನ್ನಾದರೂ ಜವಾಬ್ದಾರಿ ಇರುವ ಒಬ್ಬರ ಕೈಯಲ್ಲಿ ಬಿಡಿ. ಅದೂ ಆಗದಿದ್ದರೆ, ಮನೆಯವರು ಕೇಳಿದ ಕೂಡಲೇ ಪೊಲೀಸರೊಬ್ಬರ ಜೊತೆ ಕೋವಿ ಕಳಿಸಲು ಠಾಣಾಧಿಕಾರಿಗೇ ಅಧಿಕಾರ ಕೊಡಿ. ಸಾವು ಮೇಲಿನ ಅನುಮತಿಗೆ ಕಾಯುವುದಿಲ್ಲ ಅಲ್ವಾ?

ಠಾಣೆಯಲ್ಲಿ ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅಂತ ನೀವು ಹೇಳಬಹುದು. ಅದು ನಿಜವೇ, ಕಣ್ಣಾರೆ ನೋಡಿದ್ದೇನೆ. ಅದಕ್ಕೆ ನಾವೇ ಒಂದು ದಾರಿ ಹೇಳುತ್ತೇವೆ. ನಮ್ಮ ತೋಟದ ಸಿಲ್ವರ್ ಓಕ್ ಮರ ಕೊಡುತ್ತೇವೆ. ನಮ್ಮಲ್ಲೇ ಇಬ್ಬರು ಮರಗೆಲಸ ಬಲ್ಲವರಿದ್ದಾರೆ. ಕೋತ್‌ನಲ್ಲಿ ಇರುವಂಥ ರ‍್ಯಾಕ್ ಮಾಡಿ ಠಾಣೆಗೆ ತಂದು ನಿಲ್ಲಿಸುತ್ತೇವೆ. ನೀವು ಒಪ್ಪಿದರೆ, ಕೋವಿಗಳು ಅಲ್ಲಿರುವಷ್ಟು ದಿನ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಇಬ್ಬರು ಎಣ್ಣೆ, ಚಿಂದಿ ಹಿಡಿದುಕೊಂಡು ಬರುತ್ತೇವೆ. ನಿಮ್ಮ ಪೇದೆಯ ಎದುರಿನಲ್ಲೇ ಕೂತು ಒಂದೊಂದನ್ನೂ ಒರೆಸಿ, ಎಣಿಸಿ, ಅದರ ಜಾಗದಲ್ಲೇ ಇಟ್ಟು ಹೋಗುತ್ತೇವೆ. ಸಂಬಳ ಬೇಡ. ಆ ಕೆಲಸ ನಮಗೆ ಗೊತ್ತಿದೆ. ಮುಂದಿನ ಚುನಾವಣೆಯ ಆದೇಶ ಹೊರಡುವ ಮುಂಚೆ ಒಂದು ಉತ್ತರ ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸುಬೇದಾರ್, ಕೊಡಗು
(ಊರಿನ 13 ಮಾಜಿ ಸೈನಿಕರ ಪರವಾಗಿ. 14ನೆಯವರ ಪರವಾಗಿ ಅವರ ಮಗ ಸಹಿ ಹಾಕಿದ್ದಾನೆ.)